ಚೆಂಡು ಹಿಂತಿರುಗಿದಾಗ ಕಳೆಯಬೇಕೋ, ಕೂಡಿಸಬೇಕೋ?

ಉತ್ತರ ಪತ್ರಿಕೆ ತಿದ್ದುವಾಗ ಆವೇಗದ (ಅಂದರೆ ಬಲವೊಂದು ವಸ್ತುವಿನ ಸಂವೇಗದಲ್ಲಿ, ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧದಲ್ಲಿ, ತರುವ ಬದಲಾವಣೆಯ) ಲೆಕ್ಕ ಬಂದರೆ, ಪುಟದ ಅಂಚಿನಲ್ಲಿ ದಿಕ್ಕು ತೋರಿಸುವ ಬಾಣವೊಂದು ಇದೆಯೇ ಎಂದು ಮೊದಲು ಹುಡುಕುತ್ತೇನೆ. ಬಾಣವಿಲ್ಲದ ಕಡೆ ಉತ್ತರ ತಪ್ಪಿರುವುದೇ ಹೆಚ್ಚು.

ಪ್ರಶ್ನೆ ಸರಳವಾದದ್ದು. 0.15 ಕಿಲೋಗ್ರಾಂ ದ್ರವ್ಯರಾಶಿಯ ಚೆಂಡು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಗೋಡೆಗೆ ನೇರವಾಗಿ ಬಡಿದು, 15 ಮೀಟರ್ ವೇಗದಲ್ಲಿ ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಗೋಡೆ ಚೆಂಡಿಗೆ ಕೊಟ್ಟ ಆವೇಗ ಎಷ್ಟು? ಇಪ್ಪತ್ತರಲ್ಲಿ ಹದಿನೈದು ಕಳೆದು, ಉಳಿದ ಐದನ್ನು 0.15ರಿಂದ ಗುಣಿಸಿ 0.75 ಎಂದು ಬರೆಯುವವರೇ ಬಹಳ. "ಐದು ಕಡಿಮೆಯಾಯಿತಲ್ಲ ಸರ್?" ಎಂದು ಕೇಳುತ್ತಾರೆ. ಜವ, ಅಂದರೆ ದಿಕ್ಕನ್ನು ಲೆಕ್ಕಿಸದ ವೇಗ, ಐದು ಕಡಿಮೆಯಾದದ್ದು ನಿಜ. ಆದರೆ ಗೋಡೆ ಮಾಡಿದ ಕೆಲಸವನ್ನು ಬಿಡಿಸಿ ನೋಡಿ: ಮೊದಲು ಚೆಂಡನ್ನು ಪೂರ್ತಿ ನಿಲ್ಲಿಸಬೇಕು, ಅದಕ್ಕೇ 3 ನ್ಯೂಟನ್-ಸೆಕೆಂಡ್ ಬೇಕು. ಆಮೇಲೆ ಹಿಂದಕ್ಕೆ ತಳ್ಳಬೇಕು, ಅದಕ್ಕೆ ಮತ್ತೆ 2.25. ಒಟ್ಟು 5.25. ಗೋಡೆಯತ್ತಣ ದಿಕ್ಕನ್ನು ಧನವೆಂದು ಹಿಡಿದಿದ್ದರೆ ಉತ್ತರಕ್ಕೆ ಋಣ ಚಿಹ್ನೆ ತಾನಾಗಿಯೇ ಬರುತ್ತದೆ. 0.75 ಸರಿಯಾಗುವುದು ಚೆಂಡು ತೆಳುವಾದ ತಡೆಯೊಂದನ್ನು ಸೀಳಿಕೊಂಡು ಅದೇ ದಿಕ್ಕಿನಲ್ಲಿ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಮುಂದೆ ಸಾಗಿದಾಗ ಮಾತ್ರ.

ನ್ಯೂಟನ್ 1687ರಲ್ಲಿ ತಮ್ಮ ಎರಡನೇ ನಿಯಮವನ್ನು ಹೇಳಿದ್ದೇ ಚಲನೆಯ, ಅಂದರೆ ಸಂವೇಗದ, ಬದಲಾವಣೆಯ ಮಾತಿನಲ್ಲಿ. ವೇಗೋತ್ಕರ್ಷದ ಸೂತ್ರ (ಬಲ = ದ್ರವ್ಯರಾಶಿ × ವೇಗೋತ್ಕರ್ಷ) ಆಮೇಲೆ ಬಂದ ರೂಪ. ಹಾಗಿರುವಾಗ ಆವೇಗವನ್ನು ಅಧ್ಯಾಯದ ಬಾಲದಲ್ಲಿ ಹತ್ತು ನಿಮಿಷಕ್ಕೆ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ.

ಚೆಂಡು ಗೋಡೆಗೆ ತಾಗಿದ್ದದ್ದು 0.005 ಸೆಕೆಂಡ್ ಎಂದಿಟ್ಟುಕೊಂಡರೆ, 5.25 ಅನ್ನು ಆ ಕಾಲದಿಂದ ಭಾಗಿಸಿದಾಗ 1050 ನ್ಯೂಟನ್ ಸಿಗುತ್ತದೆ. ಇದು ಸರಾಸರಿ ಬಲ. ನಿಜದಲ್ಲಿ ಬಲ ಸೊನ್ನೆಯಿಂದ ಏರಿ ಮತ್ತೆ ಸೊನ್ನೆಗೆ ಇಳಿಯುತ್ತದೆ. ಬಲ ಮತ್ತು ಕಾಲದ ನಕ್ಷೆಯ ಕೆಳಗಿನ ವಿಸ್ತೀರ್ಣವೇ ಆವೇಗ. ನಕ್ಷೆ ತ್ರಿಕೋನವಾಗಿದ್ದರೆ ಅದರ ತುದಿ 2100 ನ್ಯೂಟನ್ ಮುಟ್ಟಿರಬೇಕು.

ಇಲ್ಲಿ ಚೆಂಡಿನ ತೂಕವನ್ನು ಬಿಟ್ಟದ್ದರಿಂದ ನಷ್ಟವಿಲ್ಲ, ಅದು ಒಂದೂವರೆ ನ್ಯೂಟನ್ನಿನ ಆಸುಪಾಸು. ಆದರೆ ಅದನ್ನೇ ರೂಢಿ ಮಾಡಿಕೊಂಡರೆ ಕಷ್ಟ. 60 ಕಿಲೋಗ್ರಾಂನ ವ್ಯಕ್ತಿ ಮೇಲಿಂದ ಜಿಗಿದು, ನೆಲ ಮುಟ್ಟುವಾಗ ಸೆಕೆಂಡಿಗೆ 4 ಮೀಟರ್ ವೇಗದಲ್ಲಿದ್ದು, 0.2 ಸೆಕೆಂಡಿನಲ್ಲಿ ನಿಂತರೆನ್ನಿ. ಸಂವೇಗದ ಬದಲಾವಣೆ 240, ಸರಾಸರಿ ಬಲ 1200 ನ್ಯೂಟನ್. ಇದು ನಿವ್ವಳ ಬಲ. ನೆಲ ಕೊಟ್ಟದ್ದರಿಂದ ತೂಕವನ್ನು ಕಳೆದು ಉಳಿದದ್ದು. ತೂಕ 588 ನ್ಯೂಟನ್. ಹಾಗಾಗಿ ಪಾದಗಳನ್ನು ನೆಲ ಮೇಲಕ್ಕೆ ಒತ್ತಿದ್ದು ಸರಾಸರಿ 1788 ನ್ಯೂಟನ್ ಬಲದಿಂದ. 1200ಕ್ಕೇ ಲೆಕ್ಕ ನಿಲ್ಲಿಸಿದವರು ನೆಲದ ಬಲದಲ್ಲಿ ಸುಮಾರು ಮೂರನೇ ಒಂದು ಪಾಲನ್ನೇ ಬಿಟ್ಟಿರುತ್ತಾರೆ.