ಕೋಲು ಹಿಡಿಯುವ ಮೊದಲು ವಾದ್ಯ ಹಿಡಿದವರು

ಪಾಶ್ಚಾತ್ಯ ಸಂಗೀತದ ದೊಡ್ಡ ವಾದ್ಯಮೇಳವಾದ ಸಿಂಫನಿ ಆರ್ಕೆಸ್ಟ್ರಾದ ವಿಡಿಯೊ ನೋಡಿದವರು ನಮ್ಮ ಬೆಳಗಾವಿಯಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. ಅಷ್ಟೊಂದು ಜನ ಬೆವರು ಸುರಿಸಿ ನುಡಿಸುತ್ತಿರುವಾಗ, ಮುಂದೆ ನಿಂತು ಸುಮ್ನೆ ಕೋಲು ಆಡಿಸುವ ಆ ಮನುಷ್ಯನಿಗೇನು ಕೆಲಸ? ಪೋಸ್ಟರಿನಲ್ಲಿ ಅವನ ಹೆಸರೇ ಯಾಕೆ ದೊಡ್ಡದು? ನ್ಯಾಯವಾದ ಪ್ರಶ್ನೆಯೇ. ಆತನನ್ನು ಕಂಡಕ್ಟರ್ ಅಂತಾರೆ. ಉತ್ತರ ಬೇಕಿದ್ದರೆ ಆತ ಎಲ್ಲಿಂದ ಎದ್ದು ಬಂದ ಅಂತ ನೋಡಬೇಕು. ಕಂಡಕ್ಟರ್‌ಗಳಲ್ಲಿ ಬಹಳಷ್ಟು ಮಂದಿ ಎದ್ದು ಬಂದದ್ದು ವಾದಕರ ಸಾಲಿನಿಂದಲೇ.

ಇದರ ಮೂಲ ರೂಪ ಈಗಲೂ ನಮ್ಮ ಕಡೆ ಕಾಣಸಿಗುತ್ತದೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಟೆಂಟು ಹಾಕುವ ನಾಟಕ ಕಂಪನಿಗಳಲ್ಲಿ ಪೇಟಿ ಮಾಸ್ತರರನ್ನು, ಅಂದರೆ ಹಾರ್ಮೋನಿಯಂ ನುಡಿಸುವವರನ್ನು ಗಮನಿಸಿ. ನಟ ಸಾಲನ್ನು ಎಳೆದರೆ ಇವರೂ ಎಳೆಯುತ್ತಾರೆ. ಮಾತು ಮರೆತರೆ ಒಂದು ಸ್ವರ ಹಿಡಿದು ಕಾಯುತ್ತಾರೆ. ಕಾಲಿನಿಂದ ಗಾಳಿ ಒತ್ತುವ ಪೇಟಿಯಾದರೆ ಎರಡೂ ಕೈ ಮನೆಗಳ ಮೇಲೆಯೇ ಇರುತ್ತವೆ. ಆಗ ತಬಲಾದವರಿಗೆ ಲಯ ಏರಿಸಿ ಅಂತ ಹೇಳಬೇಕಾದರೆ ಕತ್ತು, ಕಣ್ಣು ಇವೇ ಗತಿ. ಇಡೀ ಮೇಳ ನಡೆಯುವುದು ಅವರ ಮೇಲೆ.

ಯುರೋಪಿನಲ್ಲೂ 18ನೇ ಶತಮಾನದಲ್ಲಿ ಹೆಚ್ಚುಕಡಿಮೆ ಹೀಗೇ ಇತ್ತು. ಪಿಯಾನೊದಂಥ ಹಳೆಯ ವಾದ್ಯ ಹಾರ್ಪ್ಸಿಕಾರ್ಡ್ ನುಡಿಸುವವನೋ, ಮೊದಲ ಸಾಲಿನ ವಯಲಿನ್ ವಾದಕನೋ ನುಡಿಸುತ್ತಲೇ ಎಲ್ಲರನ್ನೂ ನಡೆಸುತ್ತಿದ್ದ. ಫ್ರಾನ್ಸಿನಲ್ಲಿ ಅದಕ್ಕೂ ಮುಂಚಿನಿಂದಲೇ ಉದ್ದನೆಯ ಕೋಲಿನಿಂದ ನೆಲ ಕುಟ್ಟಿ ತಾಳ ಹಾಕುವ ಪದ್ಧತಿಯೂ ಇತ್ತು. ದೊರೆ 14ನೇ ಲೂಯಿಯ ಆಸ್ಥಾನದ ಸಂಗೀತಗಾರ ಲೂಲಿ ಮೂಲತಃ ವಯಲಿನ್ ವಾದಕ. 1687ರಲ್ಲಿ ಹಾಗೆ ಕುಟ್ಟುವಾಗ ಕೋಲು ಅವನ ಕಾಲಿಗೇ ಬಡಿಯಿತು. ಗಾಯ ಕೊಳೆತು ತೀರಿಕೊಂಡ.

19ನೇ ಶತಮಾನಕ್ಕೆ ಮೇಳ ಬೆಳೆಯಿತು. ಊದುವ ವಾದ್ಯ, ಹಿತ್ತಾಳೆ ವಾದ್ಯ ಜಾಸ್ತಿಯಾದವು. ಲಯ ನಡುನಡುವೆ ಬದಲಾಗತೊಡಗಿತು. ವಯಲಿನ್ ಗದ್ದಕ್ಕೆ ಒತ್ತಿಕೊಂಡೇ ಹಿಂದಿನ ಸಾಲಿನ ತುತ್ತೂರಿಯವರಿಗೆ ಸನ್ನೆ ಮಾಡೋದು ಆಗದ ಮಾತು, ಅಲ್ವಾ? 1820ರಲ್ಲಿ ಲಂಡನ್ನಿನಲ್ಲಿ ತಾನು ಚಿಕ್ಕ ಕೋಲು ಹಿಡಿದು ನಡೆಸಿದ್ದಾಗಿ ವಯಲಿನ್ ವಾದಕ ಸ್ಪೋರ್ ಬರೆದುಕೊಂಡಿದ್ದಾನೆ. ಪ್ಯಾರಿಸ್ಸಿನ ಹಾಬನೆಕ್ ಮಾತ್ರ ವಯಲಿನ್ನಿನ ಕಮಾನನ್ನೇ ಬೀಸಿ ನಡೆಸುತ್ತಿದ್ದ. ಹಳೆಯ ಕಸುಬು ಕೈಬಿಟ್ಟಿರಲಿಲ್ಲ.

ಈ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಇಟಲಿಯ ಹೆಸರಾಂತ ಕಂಡಕ್ಟರ್ ಟೊಸ್ಕನಿನಿಯ ಕಥೆ. 1886ರ ಜೂನ್ 30, ರಿಯೊ ಡಿ ಜನೈರೊ. ಇಟಲಿಯ ಒಪೆರಾ (ಸಂಗೀತ ನಾಟಕ) ಕಂಪನಿಯೊಂದು ಸಂಗೀತ ರಚನಕಾರ ವೆರ್ಡಿಯ ‘ಐದಾ’ ಆಡಬೇಕು. ಅಲ್ಲಿನ ಕಂಡಕ್ಟರ್ ಜಗಳವಾಡಿ ಬಿಟ್ಟುಹೋಗಿದ್ದಾನೆ. ಅವನ ಬದಲಿಗೆ ಬಂದವರನ್ನು ಜನ ಕೂಗಿ ಕೆಳಗಿಳಿಸಿದ್ದಾರೆ. ಕೊನೆಗೆ ಕಂಪನಿಯವರು ವಯಲಿನ್ ಜಾತಿಯ ದೊಡ್ಡ ವಾದ್ಯ ಚೆಲ್ಲೊ ನುಡಿಸುವವರ ಸಾಲಿನಲ್ಲಿದ್ದ 19 ವರ್ಷದ ಹುಡುಗ ಟೊಸ್ಕನಿನಿಯನ್ನು ಎಬ್ಬಿಸಿ ಕಳಿಸಿದರು. ಹುಡುಗನಿಗೆ ಇಡೀ ಒಪೆರಾ ಬಾಯಿಪಾಠ. ದೂರದ್ದು ಸರಿಯಾಗಿ ಕಾಣದ ಕಣ್ಣು, ಅದಕ್ಕೇ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತಿದ್ದ. ಆಟ ಗೆದ್ದಿತು. ಆ ಪ್ರವಾಸದ ಉಳಿದ ಆಟಗಳಿಗೂ ಅವನೇ ಕಂಡಕ್ಟರ್. ಇದಕ್ಕಿಂತ ದೊಡ್ಡ ಮಾತು ಮುಂದಿದೆ. 1887ರಲ್ಲಿ ಮಿಲಾನ್‌ನಲ್ಲಿ ವೆರ್ಡಿಯ ‘ಒಥೆಲೊ’ ಮೊದಲ ಬಾರಿ ರಂಗಕ್ಕೆ ಬಂದಾಗ ಅವನು ಮತ್ತೆ ಚೆಲ್ಲೊ ಹಿಡಿದು ಸಾಲಿನಲ್ಲಿ ಕೂತ. ಮುಂದೆ ನಿಂತು ಗೆದ್ದವನು ವಾಪಸ್ ಕೂರಲು ಒಪ್ಪಿದ್ದು ಸಣ್ಣ ಸಂಗತಿಯಲ್ಲ.

ನಮ್ಮ ದೇಶದ ಉದಾಹರಣೆ ಎಂದರೆ ಮೆಹ್ತಾ ಮನೆತನ. ತಂದೆ ಮೆಹ್ಲಿ ಮೆಹ್ತಾ ವಯಲಿನ್ ವಾದಕ, 1935ರಲ್ಲಿ ಬಾಂಬೆ ಸಿಂಫನಿ ಆರ್ಕೆಸ್ಟ್ರಾ ಕಟ್ಟಿದವರು. ಮಗ ಜುಬಿನ್ ಹುಟ್ಟಿದ್ದು 1936ರಲ್ಲಿ. ಡಾಕ್ಟರ್ ಆಗಬೇಕು ಅಂತ ಓದಲು ಹೊರಟವರು ಅದನ್ನು ಬಿಟ್ಟು 1954ರಲ್ಲಿ ವಿಯೆನ್ನಾ ಸೇರಿದರು. ಹಾನ್ಸ್ ಸ್ವರೋವ್‌ಸ್ಕಿ ಬಳಿ ಕಂಡಕ್ಟಿಂಗ್ ಕಲಿಯುತ್ತ, ಕೈಗೆ ಡಬಲ್ ಬಾಸ್ ತಗೊಂಡರು. ಆಳೆತ್ತರದ ವಾದ್ಯ ಅದು. ಹಾಡಿನ ಮುಖ್ಯ ಧಾಟಿ ಅದಕ್ಕೆ ಸಿಗುವುದು ಅಪರೂಪ. ಆದರೆ ಮೇಲೆ ನಡೆಯುವುದೆಲ್ಲ ನಿಲ್ಲುವುದು ಅದರ ಸ್ವರದ ಮೇಲೆ. ವಿಯೆನ್ನಾದಲ್ಲಿ ದೊಡ್ಡವರ ತಾಲೀಮು ನೋಡಲು ಹೊರಗಿನವರಿಗೆ ಬಾಗಿಲು ಮುಚ್ಚಿರುತ್ತಿತ್ತು. ಜುಬಿನ್ ಮತ್ತು ಸಹಪಾಠಿ ಕ್ಲಾಡಿಯೊ ಅಬ್ಬಾಡೊ ಸೀದಾ ಗಾಯಕರ ತಂಡ ಸೇರಿಕೊಂಡರು! ಹಾಡುತ್ತಲೇ ಕಂಡಕ್ಟರನ ಮುಖ, ಕೈ ಎದುರಿನಿಂದ ನೋಡಿ ಕಲಿತರು. 1958ರಲ್ಲಿ ಲಿವರ್‌ಪೂಲ್ ಸ್ಪರ್ಧೆ ಗೆದ್ದ ಜುಬಿನ್ 1962ರಲ್ಲಿ ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದ ಹೊಣೆ ಹೊತ್ತರು. 1978ರಿಂದ 1991ರವರೆಗೆ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್, 2019ರವರೆಗೆ ಇಸ್ರೇಲ್ ಫಿಲ್‌ಹಾರ್ಮೋನಿಕ್.

ವಾದ್ಯ ಕಲಿಸುವುದು ಏನನ್ನು? ಕಮಾನು ಒಂದೇ ಎಳೆತದಲ್ಲಿ ಎಷ್ಟು ದೂರ ಬರುತ್ತದೆ, ಊದುವವನ ಉಸಿರು ಎಲ್ಲಿ ಮುಗಿಯುತ್ತದೆ, ಇದು ನುಡಿಸಿದವರಿಗೆ ಮೈಯಲ್ಲಿ ಗೊತ್ತಿರುತ್ತದೆ. ಕಂಡಕ್ಟರನ ಕೈ ಸ್ವರಕ್ಕಿಂತ ಒಂದು ಕ್ಷಣ ಮುಂಚೆ ಏಳುತ್ತದೆ. ಅದೇ ಉಸಿರು ತಗೊಳ್ಳುವ ಹೊತ್ತು. ಆ ಸನ್ನೆಯಲ್ಲೇ ಲಯ, ಜೋರು, ಮೃದು ಎಲ್ಲ ಇರಬೇಕು. ಇನ್ನೊಬ್ಬರ ಕೈ ನೋಡಿ ನುಡಿಸಿದವನಿಗೆ ಗೊಂದಲದ ಸನ್ನೆ ಎಷ್ಟು ಕಷ್ಟ ಕೊಡುತ್ತದೆ ಅಂತ ಗೊತ್ತು. ನನ್ನ ಲೆಕ್ಕದಲ್ಲಿ ಪುಸ್ತಕದ ಓದಿಗಿಂತ ಇದೇ ದೊಡ್ಡ ಪಾಠ.

ಹಾಗಾದರೆ ನಮ್ಮಲ್ಲಿ ಮುಂದಾಳು ವಾದ್ಯ ಕೆಳಗಿಡಲಿಲ್ಲ ಯಾಕೆ? ನಮ್ಮ ಮೇಳ ಚಿಕ್ಕದಾಗೇ ಉಳಿಯಿತು. ಒಂದೇ ಧಾಟಿಯನ್ನು ಎಲ್ಲರೂ ಹಿಂಬಾಲಿಸುವ ಸಂಗೀತ ನಮ್ಮದು. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬಾಳಿದ ಪಂಡಿತ್ ರಾಮಭಾವು ಬಿಜಾಪುರೆ ಅವರ ಹಾರ್ಮೋನಿಯಂ ದೊಡ್ಡ ದೊಡ್ಡ ಗಾಯಕರಿಗೆ ಜೊತೆಯಾಯಿತು. ಸಾಥಿಯಲ್ಲಿ ಬೇಕಾದ್ದು ಗಾಯಕರ ಮುಂದಿನ ಹೆಜ್ಜೆಯನ್ನು ಊಹಿಸುವ ಕಿವಿ. ಕಂಡಕ್ಟರನಿಗೆ ಬೇಕಾದ ಕಿವಿಯೂ ಅದೇ. ಇನ್ನು ನಮ್ಮ ಕ್ಯಾಂಪಿನ ಮರಾಠಾ ಲೈಟ್ ಇನ್‌ಫಂಟ್ರಿ ಕೇಂದ್ರದ ಬ್ಯಾಂಡು ನೋಡಿದವರಿಗೆ ಮುಂದೆ ನಿಂತು ನಡೆಸುವವರು ಹೊಸಬರಲ್ಲ. ಸೇನೆಯಲ್ಲಿ ವಾದಕನಾಗಿ ಸೇರಿ, ಪಚ್‌ಮಢಿಯ ಮಿಲಿಟರಿ ಸಂಗೀತ ಶಾಲೆಯಲ್ಲಿ ಕಲಿತು ಬ್ಯಾಂಡ್ ಮಾಸ್ತರ್ ಆಗುವ ದಾರಿ ಇದೆ.

ಪೂರ್ಣ ಸಿಂಫನಿ ಕೇಳಬೇಕಿದ್ದರೆ ಇಲ್ಲಿಂದ ರಾತ್ರಿ ಬಸ್ಸು ಹಿಡಿದರೆ ಮುಂಬೈ. ಅಲ್ಲಿನ ಎನ್‌ಸಿಪಿಎ ಎಂಬ ಕಲಾಕೇಂದ್ರದಲ್ಲಿ 2006ರಲ್ಲಿ ಹುಟ್ಟಿದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಮರಾಟ್ ಬಿಸೆನ್‌ಗಲಿಯೆವ್ ಕೂಡ ವಯಲಿನ್ ವಾದಕರೇ. ಹೋದಾಗ ಬರೀ ಕಂಡಕ್ಟರನ್ನೇ ನೋಡುತ್ತ ಕೂರಬೇಡಿ. ಡಬಲ್ ಬಾಸ್‌ನವರು ಸಾಮಾನ್ಯವಾಗಿ ಬಲತುದಿಯಲ್ಲಿರುತ್ತಾರೆ. ಅವರ ಕಡೆಗೂ ಕಣ್ಣು ಹಾಯಿಸಿ, ಅವರು ಕೈ ನೋಡುವುದು ಯಾವಾಗ, ಕಮಾನು ಎತ್ತುವುದು ಯಾವಾಗ ಅಂತ ಗಮನಿಸಿ.