ಬಚ್ಚಲೊಲೆಯ ಬದಿಯ ಅರೆನಿದ್ದೆ

ಅಡಿಕೆ ಕೊಯ್ಲು ಶುರುವಾದ ವಾರವೇ ಶಾನುಭೋಗರು ಊಟ ಬಿಟ್ಟರು.

ಶಾನುಭೋಗರೆಂದರೆ ನಮ್ಮನೆಯ ಗಡ್ಡದ ಓತಿ. ಸಾಕುವವರ ಬಾಯಲ್ಲಿ ಬಿಯರ್ಡೆಡ್ ಡ್ರ್ಯಾಗನ್, ವಿಜ್ಞಾನದ ಪುಸ್ತಕದಲ್ಲಿ ಪೊಗೊನಾ ವಿಟಿಸೆಪ್ಸ್. ಬೆಂಗಳೂರಿನಲ್ಲಿದ್ದ ಅಣ್ಣನ ಮಗ ಕೆಲಸಕ್ಕೆಂದು ಹೊರದೇಶಕ್ಕೆ ಹೊರಟಾಗ ಗಾಜಿನ ಪೆಟ್ಟಿಗೆ, ಎರಡು ಬಲ್ಬು, ಒಂದು ಡಬ್ಬಿ ಕ್ಯಾಲ್ಸಿಯಂ ಪುಡಿ ಸಮೇತ ಇದನ್ನು ಶಿರಸಿಯ ನಮ್ಮ ಮನೆಗೆ ತಂದಿಟ್ಟು ಹೋದ. ಗದ್ದ ಎತ್ತಿ, ಕಣ್ಣು ಅರೆ ಮುಚ್ಚಿ, ಕಂದಾಯ ಕಟ್ಟದವನನ್ನು ನೋಡುವ ಹಾಗೆ ನೋಡುತ್ತ ಕೂರುವ ಭಂಗಿ ಕಂಡು ಅಮ್ಮ ಇಟ್ಟ ಹೆಸರು ಅದು.

ಊಟ ಬಿಟ್ಟ ನಾಲ್ಕನೇ ದಿನ ಅವರು ಪೆಟ್ಟಿಗೆಯ ಮೂಲೆಯ ಮುರುಕು ಹೆಂಚಿನ ಕೆಳಗೆ ನುಗ್ಗಿ ಮಲಗಿದರು. ಮುಟ್ಟಿದರೆ ತಣ್ಣಗೆ, ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಜೋಲು. "ತಮಾ, ಇದು ಸತ್ತೋತನಾ ನೋಡು" ಎಂದು ಅಮ್ಮ ಕೂಗಿದಾಗ ನಾನು ಕೊನೆಗಾರನ ಜೊತೆ ತೋಟದಲ್ಲಿದ್ದೆ. ಬಂದು ನೋಡಿದರೆ ಪಕ್ಕೆ ಸಣ್ಣಗೆ ಏರಿಳಿಯುತ್ತಿತ್ತು. ಚಳಿಗೆ ಸೆಟೆದಿದೆ, ಪಾಪ, ಎಂದುಕೊಂಡೆ. ಗಾಜಿನ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಿ ಬಚ್ಚಲೊಲೆಯ ಆಚೆ ಬದಿಯ ಗೋಡೆಗೆ ತಾಗಿಸಿಟ್ಟೆ. ಒಲೆ ಬೆಳಗ್ಗೆ ಸಂಜೆ ಉರಿಯುತ್ತದೆ, ಗೋಡೆ ಇಡೀ ದಿನ ಬೆಚ್ಚಗಿರುತ್ತದೆ. ಇದಕ್ಕಿಂತ ಒಳ್ಳೆಯ ಆರೈಕೆ ಉಂಟೇ?

ಅದೇ ನಾನು ಮಾಡಿದ ತಪ್ಪು. ಏನು ತಪ್ಪು ಎಂದು ಗೊತ್ತಾಗಲು ಒಂದು ವರ್ಷ ಬೇಕಾಯಿತು.

ಶಾನುಭೋಗರು ಮಾಡುತ್ತಿದ್ದುದಕ್ಕೆ ಬ್ರುಮೇಷನ್ ಎಂದು ಹೆಸರು. ಲ್ಯಾಟಿನ್ನಿನಲ್ಲಿ ಬ್ರುಮಾ ಎಂದರೆ ವರ್ಷದ ಅತಿ ಗಿಡ್ಡ ಹಗಲು, ಅಲ್ಲಿಂದ ಚಳಿಗಾಲ ಎಂಬ ಅರ್ಥವೂ ಬಂತು. ಉರಗಗಳ ಚಳಿಗಾಲದ ಜಡಸ್ಥಿತಿ ಚಳಿನಾಡಿನ ಕರಡಿ, ನೆಲದ ಅಳಿಲುಗಳ ಶಿಶಿರನಿದ್ದೆಗಿಂತ ಬೇರೆ ಎಂದು ತೋರಿಸಲು 1965ರಲ್ಲಿ ಅಮೆರಿಕದ ಜೀವವಿಜ್ಞಾನಿ ವಿಲ್ಬರ್ ಮೇಹ್ಯೂ ಈ ಪದವನ್ನು ಬಳಕೆಗೆ ತಂದರು. ಅಂಥ ಅಳಿಲಿನ ದೇಹದಲ್ಲಿ ಮೈಯ ಬಿಸಿಯನ್ನು ಹದದಲ್ಲಿಡುವ ಒಂದು ಥರ್ಮೋಸ್ಟಾಟ್ ಇದೆ. ಅಳಿಲು ಅದನ್ನು ತಾನೇ ತಗ್ಗಿಸಿ ಮಲಗುತ್ತದೆ, ಏಳುವಾಗ ಕೊಬ್ಬು ಉರಿಸಿ ಮೈಯನ್ನು ತಾನೇ ಬಿಸಿ ಮಾಡಿಕೊಳ್ಳುತ್ತದೆ. ಓತಿಗೆ ಅಂಥ ಒಳಗಿನ ಒಲೆ ಇಲ್ಲ. ಹೊರಗೆ ಎಷ್ಟು ಬಿಸಿಯೋ ಒಳಗೂ ಹೆಚ್ಚುಕಡಿಮೆ ಅಷ್ಟೇ. ಹಾಗಂತ ಇದು ಬರಿಯ ಚಳಿಗೆ ಮರಗಟ್ಟುವುದೂ ಅಲ್ಲ. ಬಲ್ಬು ಉರಿಯುತ್ತಿದ್ದರೂ ಬೆಚ್ಚಗಿನ ಜಾಗ ಬಿಟ್ಟು ಬೇಕೆಂದೇ ತಣ್ಣನೆಯ ಮೂಲೆ ಹುಡುಕಿ ಮಲಗುವ ಗಡ್ಡದ ಓತಿಗಳು ಎಷ್ಟೋ ಇವೆ. ಒಳಗೊಂದು ಪಂಚಾಂಗ ಇದ್ದೇ ಇದೆ.

ಆ ಪಂಚಾಂಗದ ಒಂದು ಪುಟ ತಲೆಯ ಮೇಲೇ ಇದೆ. ಹಣೆಗಣ್ಣು ಗೋಕರ್ಣದ ಒಡೆಯನಿಗೆ ಮಾತ್ರ ಎಂದುಕೊಂಡಿದ್ದ ನಾನು ಭೂತಗಾಜು ಹಿಡಿದು ನೋಡಿದೆ: ಎರಡು ಕಣ್ಣುಗಳ ನಡುವಿನಿಂದ ತುಸು ಹಿಂದೆ, ನೆತ್ತಿಯ ಮೇಲೆ, ಸಾಸಿವೆ ಕಾಳಿಗಿಂತ ಸಣ್ಣ, ಬೂದುಬಣ್ಣದ ಒಂದು ಚುಕ್ಕೆ. ಅದಕ್ಕೂ ಮಸೂರದಂಥದ್ದು ಇದೆ, ರೆಟಿನಾದಂಥದ್ದು ಇದೆ. ಚಿತ್ರ ಕಾಣುವುದಿಲ್ಲ, ಬೆಳಕು ಕತ್ತಲು ತಿಳಿಯುತ್ತದೆ. ಮೇಲಿಂದ ಕೈ ತಂದರೆ ಓತಿ ಬೆಚ್ಚುವುದಕ್ಕೆ ಇದೂ ಒಂದು ಕಾರಣ; ಗಿಡುಗ ಬರುವುದು ಆ ದಿಕ್ಕಿನಿಂದಲೇ ತಾನೆ? ಹಗಲಿನ ಉದ್ದ ಎಷ್ಟು ಎಂಬ ಸುದ್ದಿ ಪಕ್ಕದಲ್ಲೇ ಇರುವ, ನಿದ್ದೆ ಎಚ್ಚರಗಳ ಹಾರ್ಮೋನು ಸುರಿಸುವ ಪೀನಿಯಲ್ ಗ್ರಂಥಿಗೂ ಮುಟ್ಟುತ್ತದೆ. ನಮ್ಮ ಬೇಲಿಯ ಓತಿಕ್ಯಾತನಿಗೂ ಈ ನೆತ್ತಿಗಣ್ಣಿದೆ. ಅದೂ, ಅಡಿಕೆ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯೂ, ಆಸ್ಟ್ರೇಲಿಯಾದ ಈ ಶಾನುಭೋಗರೂ ಅಗಾಮಿಡೇ ಎಂಬ ಒಂದೇ ಕುಟುಂಬದವರು. ತೋಟದ ಪೈಕಿಯವರು ಯಾರೂ ತಿಂಗಳುಗಟ್ಟಲೆ ಮಲಗುವುದನ್ನು ನಾನು ಕಂಡಿಲ್ಲ. ಅವರಿಗೆ ಅದರ ಅಗತ್ಯವೇ ಬಂದಿಲ್ಲ.

ಆಸ್ಟ್ರೇಲಿಯಾದ ಒಳನಾಡಿನ ಲೆಕ್ಕವೇ ಬೇರೆ. ಅಲ್ಲಿನ ಅಲಿಸ್ ಸ್ಪ್ರಿಂಗ್ಸ್‌ನಲ್ಲಿ ಜುಲೈ ರಾತ್ರಿಗಳ ಸರಾಸರಿ ಸುಮಾರು 4 ಡಿಗ್ರಿ. ಇನ್ನೂ ದಕ್ಷಿಣಕ್ಕೆ, ಮಿಲ್ಡುರಾದ ಕಡೆಗೆ ಹೋದರೆ ಅತಿ ಗಿಡ್ಡ ಹಗಲು ಹತ್ತು ತಾಸಿಗೂ ಕಡಿಮೆ. ಹುಳವಿಲ್ಲ, ಹೂವಿಲ್ಲ, ಮೈ ಬಿಸಿ ಮಾಡಿಕೊಳ್ಳುವಷ್ಟು ಬಿಸಿಲಿಲ್ಲ. ಆದ್ದರಿಂದ ಓತಿ ನೆಲದ ಬಿಲಕ್ಕೋ ಮರದ ಬುಡಕ್ಕೋ ಸೇರಿ ಖರ್ಚು ಕಡಿಮೆ ಮಾಡಿಕೊಳ್ಳುತ್ತದೆ. ಶಿರಸಿಯಲ್ಲಿ ಡಿಸೆಂಬರಿನ ಅತಿ ಗಿಡ್ಡ ಹಗಲೂ 11 ತಾಸು ದಾಟುತ್ತದೆ. ಕಾರವಾರದಲ್ಲಂತೂ ಚಳಿಗಾಲ ಎನ್ನುವುದು ಸ್ವೆಟರ್ ಮಾರುವವರ ಆಸೆ ಮಾತ್ರ; ಡಿಸೆಂಬರ್ ಮಧ್ಯಾಹ್ನ 30 ಡಿಗ್ರಿ ಮೀರುತ್ತದೆ, ರಾತ್ರಿ ಸಮುದ್ರದ ದಯೆಯಿಂದ 20ರ ಆಸುಪಾಸು.

ಈಗ ಬಚ್ಚಲೊಲೆಗೆ ಬರೋಣ. ಆ ಗೋಡೆಯ ಬದಿಯಲ್ಲಿ ನಾನು ಆಮೇಲೆ ಥರ್ಮಾಮೀಟರ್ ಇಟ್ಟು ನೋಡಿದ್ದು 27ರಿಂದ 29 ಡಿಗ್ರಿ, ಹಗಲೂ ರಾತ್ರಿ. ನಮಗೆ ಹಿತ. ಓತಿಗೆ ಅತ್ತಲೂ ಅಲ್ಲದ ಇತ್ತಲೂ ಅಲ್ಲದ ತಾಪ. ಗಡ್ಡದ ಓತಿ ಉಂಡದ್ದನ್ನು ಅರಗಿಸಬೇಕಾದರೆ ಬಲ್ಬಿನ ಕೆಳಗೆ 38ರಿಂದ 42 ಡಿಗ್ರಿಯ ಒಂದು ಜಾಗ ಬೇಕು. 28ರಲ್ಲಿ ಅದಕ್ಕೆ ಹಸಿವು ಸರಿಯಾಗಿ ಹುಟ್ಟುವುದಿಲ್ಲ. ಆದರೆ 28ರಲ್ಲಿ ದೇಹ ಸುಮ್ಮನೂ ಇರುವುದಿಲ್ಲ. ಶೀತರಕ್ತದ ಪ್ರಾಣಿಗಳಲ್ಲಿ ತಾಪ 10 ಡಿಗ್ರಿ ಇಳಿದರೆ ದೇಹದ ಖರ್ಚು ಸುಮಾರು ಅರ್ಧಕ್ಕೋ ಮೂರರಲ್ಲಿ ಒಂದಕ್ಕೋ ಇಳಿಯುತ್ತದೆ ಎಂಬುದು ಹಳೆಯ ಲೆಕ್ಕ. ಅಂದರೆ 18ರಲ್ಲಿ ಮಲಗಿದ ಓತಿ ಒಂದು ರೂಪಾಯಿ ಖರ್ಚು ಮಾಡುವಲ್ಲಿ ನಮ್ಮ ಬಚ್ಚಲೊಲೆಯ ಓತಿ ಎರಡೋ ಮೂರೋ ರೂಪಾಯಿ ಕಳೆಯುತ್ತಿತ್ತು, ಆದಾಯ ಸೊನ್ನೆ. ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದಲ್ಲಿ ಲಾರಿ ಅಡ್ಡ ಬಿದ್ದು, ಇಂಜಿನ್ ಬಂದ್ ಮಾಡದೆ ತಾಸುಗಟ್ಟಲೆ ನಿಂತ ಬಸ್ಸಿನ ಸ್ಥಿತಿ. ಕುಮಟೆಯೂ ಸಿಗಲಿಲ್ಲ, ಡೀಸೆಲ್ಲೂ ಉಳಿಯಲಿಲ್ಲ.

ಓತಿಕ್ಯಾತನಿಗೆ ಬೇಲಿಗೂಟ ಸಾಕ್ಷಿ ಎನ್ನುತ್ತಾರೆ. ನಮ್ಮಲ್ಲಿ ಸಾಕ್ಷಿ ಹೇಳಿದ್ದು ಅಡುಗೆಮನೆಯ ಡಿಜಿಟಲ್ ತಕ್ಕಡಿ. ಮಲಗುವ ಮೊದಲು 412 ಗ್ರಾಂ ಇದ್ದ ಶಾನುಭೋಗರು ಏಳು ವಾರಗಳ ನಂತರ 358 ಗ್ರಾಂ ಆಗಿದ್ದರು. ಶೇಕಡಾ 13ರಷ್ಟು ನಷ್ಟ. ಬಾಲದ ಬುಡದಲ್ಲಿ ಸೊಂಟದ ಮೂಳೆ ಎದ್ದು ಕಾಣುತ್ತಿತ್ತು, ಕಣ್ಣು ಒಳಗಿಳಿದಿತ್ತು. ಸರಿಯಾಗಿ ಮಲಗಿದ ಆರೋಗ್ಯವಂತ ಓತಿ ಇಷ್ಟು ಕರಗುವುದಿಲ್ಲ. ಶೇಕಡಾ 10 ದಾಟಿತೆಂದರೆ ಎಬ್ಬಿಸಿ, ಬಿಸಿ ಕೊಟ್ಟು, ವೈದ್ಯರಿಗೆ ತೋರಿಸಲೇಬೇಕು. ನಾನು ತೋರಿಸಿದ ಮೊದಲ ಕಡೆ "ಇದು ಯಾವ ಜಾತಿಯ ಉಡ?" ಎಂಬ ಪ್ರಶ್ನೆಯೇ ಅರ್ಧ ತಾಸು ತೆಗೆದುಕೊಂಡಿತು. ತಪ್ಪು ಅವರದ್ದಲ್ಲ, ಇಲ್ಲಿಗೆ ಬರುವುದು ಎಮ್ಮೆ, ದನ, ನಾಯಿ. (ಉಡವನ್ನು ಸಾಕಿದರೆ ಜೈಲೇ; ಅದು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಆಸ್ಟ್ರೇಲಿಯಾ ಕೂಡ ತನ್ನ ಓತಿಗಳನ್ನು ಸಾಕುಪ್ರಾಣಿಯಾಗಿ ಮಾರಲು ಹೊರಗೆ ಬಿಡುವುದಿಲ್ಲ. ಬೇರೆ ದೇಶಗಳ ಪೆಟ್ಟಿಗೆಗಳಲ್ಲಿ ಇರುವವು ತಲೆಮಾರುಗಳಿಂದ ಪೆಟ್ಟಿಗೆಯಲ್ಲೇ ಹುಟ್ಟಿದವು.) ಕೊನೆಗೆ ಹುಬ್ಬಳ್ಳಿಯಲ್ಲಿ ಒಬ್ಬರು ಮಲ ಪರೀಕ್ಷೆ ಮಾಡಿಸಿ, ಹೊಟ್ಟೆಯಲ್ಲಿ ಹುಳವಿಲ್ಲ ಎಂದು ಖಚಿತಪಡಿಸಿ, "ಎಲ್ಲಿಟ್ಟಿದ್ದಿರಿ?" ಎಂದು ಕೇಳಿದರು. ಹೇಳಿದೆ. ನಕ್ಕರು.

ಮರುವರ್ಷ ಅಕ್ಟೋಬರಿನಲ್ಲೇ ತಯಾರಿ. ಮೊದಲು ಮಲ ಪರೀಕ್ಷೆ, ಏಕೆಂದರೆ ಓತಿ ಮಲಗಿದಾಗ ಅದರ ರೋಗನಿರೋಧಕ ಶಕ್ತಿಯೂ ಮಂದವಾಗುತ್ತದೆ, ಆಗ ಕಾಕ್ಸಿಡಿಯಾದಂಥ ಪರಾವಲಂಬಿಗಳಿಗೆ ಮೇವು ಸಿಕ್ಕಂತೆ. ಒಂದು ವರ್ಷ ತುಂಬದ ಮರಿ, ಬಡಕಲು ಓತಿ, ಕಾಯಿಲೆ ಬಿದ್ದು ಎದ್ದದ್ದು, ಇವನ್ನು ಮಲಗಿಸುವ ಮಾತೇ ಇಲ್ಲ.

ಆಮೇಲಿನದ್ದು ಎಲ್ಲಕ್ಕಿಂತ ಮುಖ್ಯ, ಜನ ಎಡವುವುದೂ ಇಲ್ಲೇ. ಊಟ ನಿಲ್ಲಿಸಬೇಕು, ಆದರೆ ಬಿಸಿ ನಿಲ್ಲಿಸಬಾರದು. ಕೊನೆಯ ತುತ್ತಿನ ನಂತರ ಎರಡು ವಾರ ಬಲ್ಬು ಎಂದಿನಂತೆ ಉರಿಯಬೇಕು, ಕರುಳು ಪೂರ್ತಿ ಖಾಲಿಯಾಗಬೇಕು. ಹೊಟ್ಟೆಯಲ್ಲಿ ಹುಳವೋ ಸೊಪ್ಪೋ ಉಳಿದಿರುವಾಗ ಮೈ ತಣ್ಣಗಾದರೆ ಜೀರ್ಣರಸ ಕೆಲಸ ಮಾಡುವುದಿಲ್ಲ, ತಿಂದದ್ದು ಅಲ್ಲೇ ಕೊಳೆಯುತ್ತದೆ. ಅದು ಸಾವಿಗೂ ದಾರಿ. ಶಾನುಭೋಗರು ಒಂಬತ್ತನೇ ದಿನ ಕೊನೆಯ ಬಾರಿ ಹೊರಗೆ ಹಾಕಿದರು. ಕಂದು ಗಟ್ಟಿಯ ತುದಿಯಲ್ಲಿ ಸುಣ್ಣದಂಥ ಬಿಳಿ ಯೂರಿಕ್ ಆಮ್ಲದ ಉಂಡೆ. ಅದನ್ನು ನೋಡಿ ಇಷ್ಟು ಸಂತೋಷಪಟ್ಟ ಮನುಷ್ಯ ಶಿರಸಿ ತಾಲೂಕಿನಲ್ಲಿ ಬೇರೆ ಇರಲಿಕ್ಕಿಲ್ಲ.

ನಂತರ ವಾರಕ್ಕಿಷ್ಟು ಎಂಬಂತೆ ಬೆಳಕನ್ನು 13 ತಾಸಿನಿಂದ 9ಕ್ಕೆ ಇಳಿಸಿದೆ, ಕೊನೆಗೆ ಬಿಸಿ ಬಲ್ಬು ಆರಿಸಿದೆ. ಪೆಟ್ಟಿಗೆ ಈ ಸಲ ಹೋದದ್ದು ಮೆತ್ತಿನ ಮೇಲಿನ ಬಡಗು ದಿಕ್ಕಿನ ಕೋಣೆಗೆ. ಅಲ್ಲಿ ಹಳೆಯ ತೊಟ್ಟಿಲು, ಬೆತ್ತದ ಬುಟ್ಟಿಗಳು ಮತ್ತು 17ರಿಂದ 20 ಡಿಗ್ರಿ. ಮಿಡತೆ, ಚಿಮ್ಮಂಡೆ ಒಂದೂ ಪೆಟ್ಟಿಗೆಯಲ್ಲಿ ಉಳಿಯದಂತೆ ನೋಡಿಕೊಂಡೆ. ಮಲಗಿದ ಓತಿಯನ್ನು ಅವೇ ಕಚ್ಚಿ ತಿನ್ನುತ್ತವೆ. ಇಲಿಗಾಗಿ ಗಟ್ಟಿ ಜಾಲರಿ, ಕೆಂಪಿರುವೆಗಾಗಿ ಪೆಟ್ಟಿಗೆಯ ನಾಲ್ಕು ಕಾಲಿನ ಕೆಳಗೆ ನೀರಿನ ಬಟ್ಟಲು. ಕೊನೆಯದು ಅಮ್ಮನ ಉಪಾಯ, ಬೆಲ್ಲದ ಡಬ್ಬಿಯ ಅನುಭವ.

ಪ್ರತಿ ಭಾನುವಾರ ತೂಕ. ಹತ್ತು ಹದಿನೈದು ದಿನಕ್ಕೊಮ್ಮೆ ಎದ್ದರೆ ಉಗುರುಬೆಚ್ಚಗಿನ ನೀರು, ಏಳದಿದ್ದರೆ ಇಲ್ಲ. ಬ್ರುಮೇಷನ್ ಅಖಂಡ ನಿದ್ದೆಯಲ್ಲ, ನಡುನಡುವೆ ಕಣ್ಣು ಬಿಡುವುದುಂಟು. ನಿದ್ದೆಯ ಮಾತು ಬಂತೆಂದು ಹೇಳುತ್ತೇನೆ: ಈ ಓತಿಯ ದಿನನಿತ್ಯದ ರಾತ್ರಿ ನಿದ್ದೆಯೇ ಒಂದು ಸೋಜಿಗ. ಕನಸಿನ ನಿದ್ದೆ, ಗಾಢ ನಿದ್ದೆ ಎಂಬ ಎರಡು ಹಂತಗಳು ಸಸ್ತನಿ ಮತ್ತು ಹಕ್ಕಿಗಳ ಸೊತ್ತು ಎಂದೇ ಬಹಳ ಕಾಲ ನಂಬಿದ್ದರು. 2016ರಲ್ಲಿ ಫ್ರಾಂಕ್‌ಫರ್ಟಿನ ಮ್ಯಾಕ್ಸ್ ಪ್ಲಾಂಕ್ ಮಿದುಳು ಸಂಶೋಧನಾ ಸಂಸ್ಥೆಯಲ್ಲಿ ಜಿಲ್ ಲೊರಾಂ ಅವರ ತಂಡ ಇದೇ ಪೊಗೊನಾದ ಮಿದುಳಿನಲ್ಲಿ ಆ ಎರಡೂ ಹಂತಗಳನ್ನು ಕಂಡಿತು. ನಮ್ಮ ಒಂದು ಸುತ್ತಿಗೆ ಸುಮಾರು 90 ನಿಮಿಷ ಬೇಕು, ಅದರ ಒಂದು ಸುತ್ತು ಸುಮಾರು 80 ಸೆಕೆಂಡಿನಲ್ಲಿ ಮುಗಿಯುತ್ತದೆ. ಬೆಳಗಾಗುವಷ್ಟರಲ್ಲಿ ನೂರಾರು ಸುತ್ತು. ಶಾನುಭೋಗರ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣು ಪಟಪಟ ಅಲುಗುವುದನ್ನು ಬೇಸಿಗೆಯಲ್ಲಿ ಟಾರ್ಚ್ ಹಿಡಿದು ನೋಡಿದ್ದೇನೆ, ಯಾರ ಜಮೀನಿನ ಕನಸೋ.

ಕಾರವಾರದ ಗೆಳೆಯನೊಬ್ಬ ತನ್ನ ಓತಿಯನ್ನೂ ಹೀಗೆ ಮಲಗಿಸಬಹುದೇ ಎಂದು ಫೋನ್ ಮಾಡಿದ್ದ. ಬೇಡ ಎಂದೆ. ಮರಿ ಮಾಡಿಸುವ ಉದ್ದೇಶವಿಲ್ಲದ ಸಾಕು ಓತಿಗೆ ಬ್ರುಮೇಷನ್ ಕಡ್ಡಾಯವಲ್ಲ. 26, 28 ಡಿಗ್ರಿಯ ಕೋಣೆಯಲ್ಲಿ ಅರೆನಿದ್ದೆ ಹಾಕಿಸುವುದಕ್ಕಿಂತ ಬಿಸಿ ಬಲ್ಬು, ಬಿಸಿಲಿನ ನೇರಳಾತೀತ ಕಿರಣ ಕೊಡುವ ಯುವಿಬಿ ಟ್ಯೂಬು ಎರಡನ್ನೂ 12, 13 ತಾಸು ಉರಿಸಿ ಎಚ್ಚರವಿಡುವುದು ಲೇಸು. ಅಷ್ಟಾದರೂ ಅದು ಹಟ ಹಿಡಿದು ಮಲಗಿದರೆ ಏಸಿ ಇರುವ ಕೋಣೆಯೊಂದೇ ದಾರಿ. ಅದರಿಂದ ಕರಾವಳಿಯ ಗಾಳಿಯ ಪಸೆಯೂ ಇಳಿಯುತ್ತದೆ. ಈ ಪ್ರಾಣಿಗೆ ಬೇಕಾದ ತೇವಾಂಶ ಶೇಕಡಾ 30, 40ರಷ್ಟು.

ಆ ಲೆಕ್ಕದಲ್ಲಿ ನಮ್ಮ ಜಿಲ್ಲೆಯಲ್ಲಿ ಓತಿಗೆ ಅಪಾಯದ ಕಾಲ ಚಳಿಗಾಲವಲ್ಲ, ಮಳೆಗಾಲ. ಜೂನ್ ಕೊನೆಗೆ ಮಧ್ಯಾಹ್ನವೇ ದೀಪ ಹಚ್ಚುವ ಕತ್ತಲೆ, ದಿನಕ್ಕೆ ನಾಲ್ಕು ಸಲ ಕರೆಂಟು ಹೋಗಿ ಆರುವ ಬಲ್ಬು. ಶಾನುಭೋಗರು ಮತ್ತೆ ಮಂಕಾಗಿ ಹೆಂಚಿನ ಕೆಳಗೆ ಹೊರಟರು. ಅವರ ಮೂಲ ಊರಲ್ಲಿ ಅದೇ ಚಳಿಗಾಲ ಎನ್ನುವುದು ನೆನಪಾಗಿ ನಗು ಬಂತು, ಆದರೆ ಪೆಟ್ಟಿಗೆಯಲ್ಲೇ ಹುಟ್ಟಿದವರಿಗೆ ಆ ಊರಿನ ನೆನಪೆಲ್ಲಿ, ಮಂಕು ಬಡಿದದ್ದು ಬೆಳಕಿಲ್ಲದೆ. ಆಗ ಮಾತ್ರ ಮಲಗಲು ಬಿಡಬಾರದು. ತಂಪು ಮತ್ತು ತೇವ ಒಟ್ಟಿಗೆ ಸೇರಿದರೆ ಶ್ವಾಸಕೋಶದ ಸೋಂಕು ಹಿಡಿಯುತ್ತದೆ: ಬಾಯಿ ತೆರೆದು ಉಸಿರು, ಮೂಗಿನಲ್ಲಿ ಗುಳ್ಳೆ. ಚರ್ಮವನ್ನು ತಿನ್ನುವ ಹಳದಿ ಶಿಲೀಂಧ್ರವೆಂಬ ಕೆಟ್ಟ ಕಾಯಿಲೆಯೂ ಗಡ್ಡದ ಓತಿಗಳಿಗಿದೆ. ಇನ್ವರ್ಟರಿನ ಒಂದು ಲೈನು ಈಗ ಅವರಿಗೇ ಮೀಸಲು, ಟಿವಿಗೆ ಇಲ್ಲ. ಮಳೆಗೆ ಮೊದಲಿನ ಮಿಂಚುಹುಳಗಳನ್ನೂ ಪೆಟ್ಟಿಗೆಯಿಂದ ದೂರ ಇಡುತ್ತೇನೆ. ಅಮೆರಿಕದ ಮಿಂಚುಹುಳ ಒಂದೇ ಒಂದು ತಿಂದು ಈ ಜಾತಿಯ ಓತಿಗಳು ಸತ್ತದ್ದು ದಾಖಲಾಗಿದೆ; ಅವುಗಳ ಮೈಯಲ್ಲಿ ಹೃದಯಕ್ಕೆ ಹೊಡೆಯುವ ವಿಷವಿದೆ.

ಎರಡನೇ ಚಳಿಗಾಲದಲ್ಲಿ ಅವರು ಒಂಬತ್ತು ವಾರ ಮಲಗಿದರು. 430 ಗ್ರಾಂ ಇದ್ದದ್ದು 417ಕ್ಕೆ ನಿಂತಿತು. ಒಂದು ಓತಿ, ಎರಡು ವರ್ಷ; ಇದನ್ನು ಪ್ರಯೋಗ ಎನ್ನಲಾಗದು, ಆದರೂ ಮೂಳೆ ಕಾಣದ ಬಾಲ ನನಗೆ ಸಾಕು.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದಂತೆ. ಇವರು ಅದಕ್ಕೂ ಎರಡು ವಾರ ಮೊದಲೇ ಒಂದು ಬೆಳಗ್ಗೆ ಹೆಂಚಿನಿಂದ ತಲೆ ಹೊರಗಿಟ್ಟಿದ್ದರು. ಅಮ್ಮ ಆಗಲೇ ದಾಸವಾಳ ಕೊಯ್ದು ತಂದಳು. ತಡೆದೆ; ಮೊದಲು ನೀರು, ಆಮೇಲೆ ಬಿಸಿ, ಮೈ ಪೂರ್ತಿ ಕಾದ ಮೇಲೆ ತುತ್ತು. ಅಗಲ ಬಾಂಡ್ಲಿಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಎದೆಮಟ್ಟ ಇಳಿಸಿದೆ. ಸುಮಾರು ಹೊತ್ತು ಸುಮ್ಮನಿದ್ದು, ಆಮೇಲೆ ಮೂತಿ ತಗ್ಗಿಸಿ, ಗಂಟಲು ಕುಣಿಸುತ್ತ ಎಣಿಸಿ ಮೂವತ್ತೊಂದು ಗುಟುಕು ಕುಡಿದರು. ಐದು ದಿನಗಳಲ್ಲಿ ಬೆಳಕು ಏರಿಸಿ ಬಲ್ಬು ಹಚ್ಚಿದೆ. ಆರನೇ ದಿನ ಅಮ್ಮ ಹಿಡಿದ ಕೆಂಪು ದಾಸವಾಳವನ್ನು ಒಮ್ಮೆ ನಾಲಿಗೆಯಿಂದ ಮುಟ್ಟಿ ನೋಡಿದರು, ಹೂವಿನ ಜೊತೆ ಅವಳ ಬೆರಳನ್ನೂ ಕಚ್ಚಿದರು.