ಹಿಡಿ ಅಕ್ಕಿಯಿಂದ ಫಾರಂ 10ಬಿಇವರೆಗೆ: ಉಚಿತ ವಿದ್ಯಾರ್ಥಿ ನಿಲಯಗಳು ನಡೆದು ಬಂದ ದಾರಿ

ಜೂನ್ ಬಂತೆಂದರೆ ಉಚಿತ ವಿದ್ಯಾರ್ಥಿ ನಿಲಯದ ಬಾಗಿಲಿಗೆ ಎರಡು ಬಗೆಯ ಜನ ಬರುತ್ತಾರೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ಮಗನನ್ನು ಕರೆದುಕೊಂಡು ಬರುವ ತಂದೆತಾಯಿ ಒಂದು ಬಗೆ. ಏನಾದರೂ ಕೊಡೋಣ ಎಂದು ಬರುವವರು ಇನ್ನೊಂದು ಬಗೆ. ಈ ಎರಡನೆಯವರ ಮೊದಲ ಪ್ರಶ್ನೆ ಈಚೆಗೆ "80ಜಿ ಇದೆಯಾ ಸರ್?" ಎಂದಾಗಿದೆ. ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆಯೇ ಎಂದು ಅದರ ಅರ್ಥ. ಅದರ ಹಿಂದೆಯೇ ಇನ್ನಷ್ಟು ಬರುತ್ತವೆ. ಪ್ಯಾನ್ ನಂಬರ್ ಯಾಕೆ ಬೇಕು? ಹೆಸರು ಹೇಳದೆ ಕೊಡಬಾರದಾ? ಅಕ್ಕಿ ಮೂಟೆ ಕೊಟ್ಟರೆ ರಸೀದಿ ಸಿಗುತ್ತಾ? ಹೊಸ ತೆರಿಗೆ ಪದ್ಧತಿಯಲ್ಲಿ ಏನೂ ಸಿಗೋದಿಲ್ಲವಂತೆ, ಹೌದಾ?

ಒಂದೊಂದಕ್ಕೂ ಉತ್ತರವಿದೆ. ಆದರೆ ಒಂದೊಂದು ನಿಯಮವೂ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಬಂದದ್ದು. ಹಿಂದಿನಿಂದ ಹೇಳಿಕೊಂಡು ಬರದೆ ಈ ಗಂಟು ಬಿಚ್ಚುವುದಿಲ್ಲ.

ಅನ್ನಕ್ಕೆ, ಅಕ್ಷರಕ್ಕೆ, ಕೆರೆಗೆ ದತ್ತಿ ಬಿಟ್ಟ ಸುದ್ದಿ ನಮ್ಮ ಶಾಸನಗಳ ತುಂಬ ಇದೆ. ಭೂಮಿಯ ಎಲ್ಲೆ ಹೇಳಿ, ಈ ಧರ್ಮವನ್ನು ಅಳಿದವನಿಗೆ ಕವಿಲೆಯನ್ನು ಕೊಂದ ಪಾಪ ತಟ್ಟಲಿ ಎಂದು ಶಪಿಸಿ ಶಾಸನ ಮುಗಿಯುತ್ತದೆ. ಕೊಟ್ಟದ್ದು ಕೊಟ್ಟ ಕೆಲಸಕ್ಕೇ ಸಲ್ಲಬೇಕು ಎಂಬ ಕಾಳಜಿ ಅಷ್ಟು ಹಳೆಯದು. ಅಲ್ಲಿಂದ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬರೋಣ.

ಆಗ ಹೈಸ್ಕೂಲುಗಳು ಪಟ್ಟಣಗಳಲ್ಲಿ ಮಾತ್ರ ಇದ್ದವು. ಹಳ್ಳಿಯ ಹುಡುಗ ಓದಬೇಕೆಂದರೆ ಊರು ಬಿಡಬೇಕು, ಬಿಟ್ಟರೆ ಊಟ ಎಲ್ಲಿ? ಕೆಲವರಿಗೆ ವಾರಾನ್ನ ಸಿಗುತ್ತಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಆ ಮನೆಯಲ್ಲಿ ಸೂತಕವಾದರೆ, ಮನೆಯವರು ಊರಿಗೆ ಹೋದರೆ ಆ ದಿನ ಉಪವಾಸ. ಜಾತಿಯ ಹೊಸಿಲು ದಾಟಲಾಗದ ಹುಡುಗರಿಗಂತೂ ವಾರಾನ್ನ ಎಂಬ ದಾರಿಯೇ ಇರಲಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ್ದು ಈ ಹಿನ್ನೆಲೆಯಲ್ಲಿ. ಅದಕ್ಕಾಗಿ ಅವರು ಸ್ವಂತ ಸಮುದಾಯದ ಬಹಿಷ್ಕಾರವನ್ನೂ ಉಂಡರು.

ನಂತರದ ಎರಡು ದಶಕಗಳಲ್ಲಿ ಸಮುದಾಯಗಳು ಒಂದೊಂದಾಗಿ ಎದ್ದು ನಿಂತವು. 1903ರಲ್ಲಿ ಬೆಂಗಳೂರಿನ ರೈಲ್ವೆ ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರ ಧರ್ಮಛತ್ರ ತೆರೆಯಿತು. ಅವರ ಧರ್ಮಸಂಸ್ಥೆಯ ನೆರಳಿನಲ್ಲಿ ವಿದ್ಯಾರ್ಥಿ ನಿಲಯವೂ ಬೆಳೆಯಿತು. ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಂಡಾಗ ಅವರ ಆಸ್ತಿ ಉಯಿಲಿನ ಪ್ರಕಾರ ವಿದ್ಯಾರ್ಥಿಗಳ ಓದಿಗೆ ಮೀಸಲಾಯಿತು. ಅದೇ ವರ್ಷ ಒಕ್ಕಲಿಗರ ಸಂಘ, 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್ಇ ಶಿಕ್ಷಣ ಸಂಸ್ಥೆ ಹುಟ್ಟಿದವು. ಇವುಗಳಿಂದ ಸಾವಿರಾರು ಹುಡುಗರು ಮೇಲೆ ಬಂದರು. ಹಿಂದೆ ನಿಲ್ಲುವ ಉಳ್ಳವರಿಲ್ಲದ ಸಮುದಾಯಗಳ ಹುಡುಗರು ಮಾತ್ರ ಹೊರಗೇ ಉಳಿದರು. ಇದನ್ನೂ ಹೇಳದಿದ್ದರೆ ಚರಿತ್ರೆ ಪೂರ್ತಿಯಾಗುವುದಿಲ್ಲ.

ಶ್ರೀಮಂತರ ಉಯಿಲಿಗೆ ಫಲಕ ಇರುತ್ತದೆ. ಆದರೆ ನಿಲಯಗಳ ಒಲೆ ದಿನವೂ ಉರಿದದ್ದು ಮುಷ್ಟಿ ಭಿಕ್ಷೆಯಿಂದ. ಮನೆಯ ಹೆಂಗಸರು ಅಡುಗೆಗೆ ಅಕ್ಕಿಯನ್ನೋ ಜೋಳವನ್ನೋ ಅಳೆದುಕೊಳ್ಳುವಾಗ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕಿಡುವುದು, ವಾರಕ್ಕೋ ತಿಂಗಳಿಗೋ ಮಠದವರು ಇಲ್ಲವೇ ಸಂಘದವರು ಚೀಲ ಹಿಡಿದು ಬಂದು ಒಯ್ಯುವುದು. ನನ್ನ ಅಜ್ಜಿಯ ಅಡುಗೆಮನೆಯಲ್ಲಿ ಬಾಗಿಲ ಹಿಂದೆ ಅಂಥದೊಂದು ಮಣ್ಣಿನ ಗಡಿಗೆ ಇತ್ತು. ಮನೆಯಲ್ಲೇ ಅಕ್ಕಿ ಮುಗಿದು ಪಕ್ಕದ ಮನೆಯಿಂದ ಸೇರು ಸಾಲ ತಂದ ದಿನವೂ ಆ ಗಡಿಗೆಗೆ ಅಜ್ಜಿ ಕೈ ಹಾಕಲಿಲ್ಲ. ಆ ಅಕ್ಕಿ ಯಾವ ಹುಡುಗನ ತಟ್ಟೆಗೆ ಹೋಯಿತೆಂದು ಅವರು ಯಾವತ್ತೂ ಕೇಳಿದ್ದಿಲ್ಲ.

ಈ ಪದ್ಧತಿ ಎಷ್ಟು ದೊಡ್ಡದನ್ನು ಹೊರಬಲ್ಲದು ಎಂಬುದಕ್ಕೆ ತುಮಕೂರಿನ ಸಿದ್ಧಗಂಗೆಗಿಂತ ಬೇರೆ ಸಾಕ್ಷಿ ಬೇಡ. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿ ಭಕ್ತರ ಊರುಗಳಿಗೆ ತಾವೇ ಭಿಕ್ಷೆಗೆ ಹೋಗುತ್ತಿದ್ದರು. ಸುಗ್ಗಿಯಲ್ಲಿ ರೈತರು ಧಾನ್ಯ ತಂದು ಸುರಿಯುತ್ತಿದ್ದರು. 2019ರ ಜನವರಿಯಲ್ಲಿ 111ನೇ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ ಅಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು, ಎಲ್ಲ ಜಾತಿ ಮತದವರು, ಊಟ ವಸತಿಯೊಂದಿಗೆ ಓದುತ್ತಿದ್ದರು.

ಸರ್ಕಾರ ಬಂದದ್ದು ಆಮೇಲೆ. ದೇವರಾಜ ಅರಸರ ಕಾಲದಲ್ಲಿ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಹೆಚ್ಚಿ, ಸಮುದಾಯದ ಬಲವಿಲ್ಲದ ಮಕ್ಕಳಿಗೂ ಬಾಗಿಲು ತೆರೆಯಿತು. 2002ರಲ್ಲಿ ಶಾಲೆಯ ಬಿಸಿಯೂಟ ಬಂದಾಗ ಅದಕ್ಕೆ ಇಟ್ಟ ಹೆಸರೇ ಅಕ್ಷರ ದಾಸೋಹ. ಮಠದ ಪಂಕ್ತಿಯ ಮಾತು ಸರ್ಕಾರಿ ಆದೇಶಕ್ಕೆ ಬಂತು.

ಇಲ್ಲಿಂದ ಮುಂದಿನದನ್ನು ನಾನು ಹತ್ತಿರದಿಂದ ಬಲ್ಲೆ. ಎಂಬತ್ತು ಹುಡುಗರಿರುವ ಒಂದು ಸಣ್ಣ ನಿಲಯದ ಲೆಕ್ಕಪತ್ರವನ್ನು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ.

ನಮ್ಮ ಊಟದ ಮನೆಯ ಗೋಡೆಯ ತುಂಬ ಅಮೃತಶಿಲೆಯ ಫಲಕಗಳಿವೆ. 1981ರ ಒಂದರಲ್ಲಿ "ರೂ. 1,001, ವರ್ಷಕ್ಕೊಂದು ದಿನದ ಪ್ರಸಾದಕ್ಕೆ, ಶಾಶ್ವತ" ಎಂದು ಕೆತ್ತಿದೆ. ಆ ದುಡ್ಡು ಠೇವಣಿಯಲ್ಲಿ ಹಾಗೇ ಇದೆ, ಅಸಲನ್ನು ಯಾರೂ ಮುಟ್ಟಿಲ್ಲ. ಶೇ 10ರ ಬಡ್ಡಿಗೆ ಆಗ ನೂರು ರೂಪಾಯಿ ಬರುತ್ತಿತ್ತು. ಎಂಬತ್ತು ಎಲೆಗೆ ಒಂದು ಹೊತ್ತಿನ ಅನ್ನ, ಸಾರು ಅದರಲ್ಲಿ ಆಗುತ್ತಿತ್ತು. ಈಗ ಶೇ 7ರಂತೆ ಎಪ್ಪತ್ತು ರೂಪಾಯಿ. ಅದಕ್ಕೆ ಒಂದು ಕಿಲೋ ಸೋನಾ ಮಸೂರಿ ಸಿಕ್ಕರೆ ಹೆಚ್ಚು. ಧರ್ಮಸಂಸ್ಥೆಯ ಹಣವನ್ನು ಬ್ಯಾಂಕ್ ಠೇವಣಿ, ಸರ್ಕಾರಿ ಬಾಂಡ್‌ನಂಥ ಗೊತ್ತುಪಡಿಸಿದ ಕಡೆ ಮಾತ್ರ ಇಡಬೇಕು ಎನ್ನುತ್ತದೆ ಕಾನೂನು. ಅದು ಸರಿಯೇ, ಜೂಜಿಗೆ ಹೋಗಬಾರದು. ಆದರೆ ಬೆಲೆ ಏರಿದಂತೆ ಶಾಶ್ವತ ನಿಧಿಗಳು ಒಳಗೇ ಸವೆದವು, ಗೋಡೆಯ ಮೇಲಿನ ಹೆಸರುಗಳು ಮಾತ್ರ ಉಳಿದವು.

ತೆರಿಗೆ ರಿಯಾಯಿತಿಯ 80ಜಿ ಕಲಂ 1968ರಲ್ಲಿ ಜಾರಿಗೆ ಬಂತು. ಕೊಟ್ಟವರಿಗೆ ಸಾಮಾನ್ಯವಾಗಿ ಕೊಟ್ಟದ್ದರ ಅರ್ಧದಷ್ಟು ಆದಾಯದಿಂದ ಕಳೆದುಕೊಳ್ಳಲು ಅವಕಾಶ, ಅದಕ್ಕೂ ಒಂದು ಮಿತಿ. ಹಣಕ್ಕೆ ಮಾತ್ರ, ಅಕ್ಕಿ ಮೂಟೆಗೆ, ಕಂಬಳಿಗೆ ಇಲ್ಲ. ಬಹುಕಾಲ ಒಂದು ರಸೀದಿ ಪುಸ್ತಕದಲ್ಲಿ ಎಲ್ಲ ಮುಗಿಯುತ್ತಿತ್ತು. ಆ ಸಡಿಲಿಕೆಯನ್ನು ದುರುಪಯೋಗ ಮಾಡಿಕೊಂಡವರೂ ಇದ್ದರು. ಚೆಕ್ ಕೊಟ್ಟು ನಗದು ವಾಪಸು ಪಡೆಯುವ ಸುಳ್ಳು ದೇಣಿಗೆಗಳು ನಡೆದವು. ಹಾಗಾಗಿ ಹಗ್ಗ ಬಿಗಿಯುತ್ತ ಬಂತು. 2006ರಲ್ಲಿ ಹೆಸರಿಲ್ಲದ ದೇಣಿಗೆಗೆ ಶೇ 30ರ ತೆರಿಗೆ ಬಂತು. 2009ರಲ್ಲಿ ಅದನ್ನು ತುಸು ಸಡಿಲಿಸಿ, ಒಟ್ಟು ದೇಣಿಗೆಯ ಶೇ 5 ಅಥವಾ ಒಂದು ಲಕ್ಷ ರೂಪಾಯಿ, ಯಾವುದು ಹೆಚ್ಚೋ ಅದನ್ನು ಮೀರಿದ್ದಕ್ಕೆ ಮಾತ್ರ ಎಂದು ಮಾಡಿದರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ನಂಬಿ ಬೆಳೆದ ಹಿರಿಯರಿಗೆ ಇದನ್ನು ವಿವರಿಸುವುದು ಇಂದಿಗೂ ಕಷ್ಟ. 2017ರಿಂದ ಎರಡು ಸಾವಿರ ಮೀರಿದ ನಗದಿಗೆ ರಿಯಾಯಿತಿ ಇಲ್ಲವಾಯಿತು.

ಇದರ ನಡುವೆ 2014ರ ಏಪ್ರಿಲ್‌ನಿಂದ ಸಿಎಸ್ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಯಮ ಜಾರಿಗೆ ಬಂತು. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ಲಾಭ 5 ಕೋಟಿ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಇದರಿಂದ ಶೌಚಾಲಯ, ಪ್ರಯೋಗಾಲಯ, ಸೌರ ದೀಪ ಎಷ್ಟೋ ಕಡೆ ಬಂದವು. ನಮಗೂ ನೀರು ಕಾಯಿಸುವ ಸೌರ ಯಂತ್ರ ಬಂತು, ಚಳಿಗಾಲದಲ್ಲಿ ಹುಡುಗರಿಗೆ ಅದೇ ದೊಡ್ಡ ನೆಮ್ಮದಿ. ಆದರೆ ಅರ್ಜಿಯಲ್ಲಿ ಒಂದು ಕಲಮಿತ್ತು: ಯೋಜನೆ ಮುಗಿಯುವ ದಿನಾಂಕ. ಸೌರ ಯಂತ್ರಕ್ಕೆ ದಿನಾಂಕ ಬರೆದೆ. ಅದೇ ಅರ್ಜಿಯಲ್ಲಿ ಅಡುಗೆಯ ಅಕ್ಕನ ಸಂಬಳ, ದಿನಕ್ಕೆ ಮೂವತ್ತು ಕಿಲೋ ಅಕ್ಕಿ, ಗ್ಯಾಸ್ ಸಿಲಿಂಡರ್ ಇವಕ್ಕೂ ಕೇಳೋಣವೆಂದು ಪೆನ್ನು ಹಿಡಿದು ಕುಳಿತೆ. ಊಟ ಬಡಿಸುವುದು ಯಾವ ತಾರೀಖಿಗೆ ಮುಗಿಯುತ್ತದೆಂದು ಬರೆಯುವುದು? ಆ ಸಾಲನ್ನು ಖಾಲಿ ಬಿಟ್ಟೇ ಕಳಿಸಿದೆ.

2020ರ ಹಣಕಾಸು ಕಾಯಿದೆಯಿಂದ ಎಲ್ಲ ಧರ್ಮಸಂಸ್ಥೆಗಳೂ ಹೊಸದಾಗಿ ನೋಂದಾಯಿಸಿಕೊಳ್ಳಬೇಕಾಯಿತು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾಯಿತು. ಎಪ್ಪತ್ತೆಂಬತ್ತು ವರ್ಷದ ನಿಲಯಗಳು ಮೂಲ ಟ್ರಸ್ಟ್ ಪತ್ರ ಹುಡುಕಿ ಕಬ್ಬಿಣದ ಪೆಟ್ಟಿಗೆಗಳನ್ನು ತೆರೆದವು. ನಮ್ಮದು ಗೆದ್ದಲು ತಿಂದು ಅರ್ಧ ಉಳಿದಿತ್ತು, ನೋಂದಣಿ ಕಚೇರಿಯಿಂದ ನಕಲು ತರಲು ಏಳು ಸಲ ಓಡಾಡಿದೆ. ಗಡುವು ಮತ್ತೆ ಮತ್ತೆ ವಿಸ್ತರಣೆಯಾಯಿತು. ಜೊತೆಗೆ ಪ್ರತಿ ದಾನಿಯ ಗುರುತಿನ ಸಂಖ್ಯೆ, ವಿಳಾಸ, ಮೊತ್ತವನ್ನು ಮೇ 31ರೊಳಗೆ ಫಾರಂ 10ಬಿಡಿಯಲ್ಲಿ ತುಂಬಬೇಕಾಯಿತು, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಅದರಿಂದ ಹುಟ್ಟುವ 10ಬಿಇ ಪ್ರಮಾಣಪತ್ರವೇ ದಾನಿಯ ಆಧಾರವಾಯಿತು, ಹಳೆಯ ರಸೀದಿ ಸಾಲದಾಯಿತು. ಇಷ್ಟನ್ನು ಮಾಡಲು ದೊಡ್ಡ ಸಂಸ್ಥೆಗೆ ಒಂದು ವಿಭಾಗವೇ ಇರುತ್ತದೆ. ಸಣ್ಣದರಲ್ಲಿ ವಾರ್ಡನ್, ಗುಮಾಸ್ತ, ತರಕಾರಿ ತರುವವ ಮೂರೂ ಒಬ್ಬನೇ. 2025ರಲ್ಲಿ ಐದು ಕೋಟಿಯೊಳಗಿನ ಆದಾಯದ ಸಂಸ್ಥೆಗಳಿಗೆ ನೋಂದಣಿಯ ಅವಧಿಯನ್ನು ಐದರಿಂದ ಹತ್ತು ವರ್ಷಕ್ಕೆ ಏರಿಸಿದ್ದು ನಿಜವಾದ ಉಪಕಾರ. ಹೊಸ ಆದಾಯ ತೆರಿಗೆ ಕಾಯಿದೆ ಬಂದ ಮೇಲೆ ಕಲಮುಗಳ ಸಂಖ್ಯೆ ಬದಲಾದರೂ ದಾನಿಗಳ ಬಾಯಲ್ಲಿ 80ಜಿ ಎಂಬ ಹೆಸರು ಬೇಗ ಹೋಗಲಾರದು. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ರಿಯಾಯಿತಿ ಇಲ್ಲ ಎಂಬುದು ನಿಜ.

ಹಾಗಾದರೆ ಕೊಡುವುದು ಹೇಗೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು: ಬಂದು ಒಂದು ಊಟ ಮಾಡಿ. ಹುಡುಗರ ತಟ್ಟೆ, ಮಲಗುವ ಕೋಣೆ, ಬಚ್ಚಲು ನೋಡಿ. ಹಿಂದಿನ ವರ್ಷದ ಲೆಕ್ಕ ಪರಿಶೋಧನಾ ವರದಿ ಕೇಳಿ. ತೋರಿಸಲು ಹಿಂಜರಿಯುವ ಕಡೆ ಕೊಡಬೇಡಿ. ನೋಂದಣಿ ಇದೆಯೇ ಎಂದು ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನೋಡಬಹುದು. ರಿಯಾಯಿತಿ ಬೇಕಿದ್ದರೆ ಚೆಕ್ಕಿನಲ್ಲೋ ಯುಪಿಐನಲ್ಲೋ ಕಳಿಸಿ, ಪ್ಯಾನ್ ತಪ್ಪಿಲ್ಲದೆ ಬರೆದುಕೊಡಿ. ಹಣ ಮೂಲನಿಧಿಗೋ ದಿನದ ಖರ್ಚಿಗೋ ಎಂಬುದನ್ನು ಬರಹದಲ್ಲಿ ತಿಳಿಸಿ. ನನ್ನನ್ನು ಕೇಳಿದರೆ ದಿನದ ಖರ್ಚಿಗೆ ಎನ್ನುತ್ತೇನೆ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಹೇಳಬೇಕು. ಮಗುವಿನ ಹುಟ್ಟುಹಬ್ಬಕ್ಕೆ, ಹಿರಿಯರ ಪುಣ್ಯತಿಥಿಗೆ ಹೋಳಿಗೆ ಊಟ ಹಾಕಿಸುವವರು ಬಹಳ, ಅವರ ಪ್ರೀತಿ ದೊಡ್ಡದು. ಆದರೆ ಕಳೆದ ನವೆಂಬರಿನ ಒಂದು ಭಾನುವಾರ ಮೂರು ಕುಟುಂಬ ಒಟ್ಟಿಗೆ ಬಂದವು. ಹುಡುಗರು ಒಂದೇ ದಿನ ಹೋಳಿಗೆ, ಜಾಮೂನು, ಕೇಕು ತಿಂದು ಸಂಜೆ ಹೊಟ್ಟೆ ಹಿಡಿದುಕೊಂಡು ಮಲಗಿದರು. ಆ ಬುಧವಾರ ಸಿಲಿಂಡರಿಗೆ ದುಡ್ಡಿಲ್ಲದೆ ಅಂಗಡಿಯವರಲ್ಲಿ ಸಾಲ ಹೇಳಿದೆ. ಬರುವ ಮೊದಲು ಒಂದು ಫೋನ್ ಮಾಡಿ, ಏನು ಬೇಕೆಂದು ಕೇಳಿದರೆ ಸಾಕು.

ನಾಲ್ಕು ವರ್ಷದ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಗಳು ವಾಟ್ಸ್ಆ್ಯಪಿನಲ್ಲಿ ಸೇರಿ ತಿಂಗಳಿಗೆ ತಲಾ 300 ರೂಪಾಯಿ ಕಳಿಸಲು ಶುರುಮಾಡಿದರು. ಲೈನ್‌ಮನ್ ಇದ್ದಾರೆ, ಮೇಷ್ಟ್ರಿದ್ದಾರೆ, ದುಬೈಯಲ್ಲಿರುವವರ ಪರವಾಗಿ ಇಲ್ಲಿನ ತಮ್ಮಂದಿರು ತಮ್ಮದೇ ದುಡಿಮೆಯಿಂದ ಹಾಕುತ್ತಾರೆ. ಈಗ 140 ಜನ. ಅಂದರೆ 42,000 ರೂಪಾಯಿ: ಎಲ್ಲರದೂ ಹೊತ್ತಿಗೆ ಬಂದರೆ ಅಡುಗೆಯವರ ಸಂಬಳ ಮತ್ತು ಗ್ಯಾಸ್ ಅದರಲ್ಲೇ ಆಗುತ್ತದೆ. ಐದನೇ ತಾರೀಖು ಬ್ಯಾಂಕಿನ ಮೆಸೇಜುಗಳು ಒಂದರ ಹಿಂದೊಂದು ಬರುತ್ತವೆ. ಟಿಪ್ಪಣಿಯ ಜಾಗದಲ್ಲಿ ಹೆಚ್ಚಿನವರು ಏನೂ ಬರೆಯುವುದಿಲ್ಲ, ಒಬ್ಬರು ಮಾತ್ರ ತಪ್ಪದೆ "ಮುಷ್ಟಿ" ಎಂದು ಬರೆಯುತ್ತಾರೆ. ಈ ತಿಂಗಳು ಹನ್ನೊಂದು ಜನರದು ಇನ್ನೂ ಬಂದಿಲ್ಲ, ನಾಳೆ ಬೆಳಿಗ್ಗೆ ಒಬ್ಬೊಬ್ಬರಿಗೂ ಫೋನ್ ಮಾಡಿ ನೆನಪಿಸಬೇಕು.